ಬಡವರ ಬಾದಾಮಿ ಒಗ್ಗದ ಮಗುವಿಗೆ ಮರದ ಬೀಜದ ತಿಂಡಿ

ಕಡಲೆಕಾಯಿಗೆ ನಮ್ಮ ಜನ ಬಹು ಹಿಂದಿನಿಂದಲೇ ‘ಬಡವರ ಬಾದಾಮಿ’ ಎಂಬ ಬಿರುದು ಕೊಟ್ಟಿದ್ದಾರೆ. ಬಿರುದು ಪ್ರೀತಿಯದು; ಪೌಷ್ಟಿಕತೆಯ ದೃಷ್ಟಿಯಿಂದ ನ್ಯಾಯವಾದದ್ದೂ ಹೌದು. ಆದರೆ ಆ ಮಾತನ್ನೇ ನಂಬಿ ಕಡಲೆಕಾಯಿಯನ್ನೂ ಬಾದಾಮಿಯನ್ನೂ ಒಂದೇ ಮನೆತನಕ್ಕೆ ಸೇರಿಸಿಬಿಟ್ಟರೆ, ಕೆಲವು ಮಕ್ಕಳ ಮಟ್ಟಿಗೆ ಅದು ಪ್ರಾಣದ ಪ್ರಶ್ನೆಯಾಗುತ್ತದೆ.

ಸಂಘದ ಸದಸ್ಯರೊಬ್ಬರು ಈಚೆಗೆ ಕಚೇರಿಗೆ ಒಂದು ಕಾಗದ ಬರೆದಿದ್ದಾರೆ. ಪಟ್ಟಣದಲ್ಲಿರುವ ಅವರ ಏಳು ವರ್ಷದ ಮೊಮ್ಮಗಳಿಗೆ ಕಡಲೆಕಾಯಿ ಒಗ್ಗುವುದಿಲ್ಲ. ಅದು ಅಲರ್ಜಿಯೆಂದು ವೈದ್ಯರು ಪರೀಕ್ಷೆ ಮಾಡಿ ಹೇಳಿದ್ದಾರೆ. ರಜೆಗೆ ಮಗು ತೋಟಕ್ಕೆ ಬರುತ್ತದೆ. ಬೇಕರಿಯ ತಿಂಡಿ ಕೊಡಲು ಧೈರ್ಯವಿಲ್ಲ; ಮನೆಯಲ್ಲೇ ಕೇಕು ಬಿಸ್ಕತ್ತು ಮಾಡಬೇಕೆಂದಿದ್ದಾರೆ. ಅವರು ಕೇಳಿದ ಪ್ರಶ್ನೆಗಳು ಎರಡು. ಗೋಡಂಬಿ, ಬಾದಾಮಿ ಹಾಕಬಹುದೇ? ಹಾಕಬಹುದಾದರೆ ಸಂಘದ ಮಳಿಗೆಯಿಂದ ಕೊಳ್ಳಬಹುದೇ?

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ವೈದ್ಯರು. ಎರಡನೆಯದು ನಮಗೇ ಸೇರಿದ್ದು. ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಎರಡನ್ನೂ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಹೆಸರಿನ ಗೊಂದಲ

ಕಡಲೆಕಾಯಿ ಮರದ ಬೀಜವಲ್ಲ. ಅದು ತೊಗರಿ, ಹೆಸರು, ಅಲಸಂದೆಗಳ ಕುಲಕ್ಕೆ ಸೇರಿದ ದ್ವಿದಳ ಧಾನ್ಯ. ಹೂವು ಬಿಡುವುದು ನೆಲದ ಮೇಲೆ. ಗರ್ಭಕಟ್ಟಿದ ಮೇಲೆ ಅದರ ತೊಟ್ಟು ಬಾಗಿ ಮಣ್ಣಿನೊಳಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ನೆಲಗಡಲೆ ಎಂಬ ಹೆಸರು ಬಂದದ್ದು ಇದರಿಂದಲೇ. ಗೋಡಂಬಿ ಮಾವಿನ ಕುಲದ ಮರದ್ದು. ಪಿಸ್ತಾ ಕೂಡ ಅದೇ ಕುಲ. ಬಾದಾಮಿ ಗುಲಾಬಿಯ ಕುಲದ್ದು. ಅಕ್ರೋಟಿಗೆ ಬೇರೆಯೇ ಕುಲವಿದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕಡಲೆಕಾಯಿಗೂ ಗೋಡಂಬಿಗೂ ಇರುವ ದೂರ, ಅವರೆಕಾಯಿಗೂ ಮಾವಿನಕಾಯಿಗೂ ಇರುವ ದೂರದಷ್ಟೇ.

ಇಂಗ್ಲಿಷಿನವರು ಎಲ್ಲಕ್ಕೂ ‘ನಟ್’ ಎಂಬ ಬಾಲ ಸೇರಿಸಿ ಗೊಂದಲ ಮಾಡಿದ್ದಾರೆ. ಆ ಲೆಕ್ಕದಲ್ಲಿ ನಮ್ಮ ಅಡಿಕೆಯೂ ನಟ್, ತೆಂಗೂ ನಟ್. ಕನ್ನಡದ ಗೊಂದಲ ಇನ್ನೊಂದು ಬಗೆಯದು. ಅದು ‘ಕಡಲೆ’ ಎಂಬ ಮಾತಿನಲ್ಲಿದೆ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಇವೆಲ್ಲ ಒಂದು ಧಾನ್ಯದವು. ಕಡಲೆಕಾಯಿ, ಕಡಲೆಬೀಜ, ಕಡಲೆ ಮಿಠಾಯಿ ಬೇರೊಂದರವು. ಉತ್ತರ ಕರ್ನಾಟಕದವರು ಶೇಂಗಾ ಎಂದು ಬೇರೆ ಹೆಸರನ್ನೇ ಇಟ್ಟುಕೊಂಡು ಈ ತೊಡಕಿನಿಂದ ಪಾರಾಗಿದ್ದಾರೆ. ನಮ್ಮ ಕಡೆ ‘ಕಡಲೆ ಹಾಕಿದ್ದೀರಾ?’ ಎಂದು ಕೇಳಿದರೆ ಅಡುಗೆಯವನು ‘ಇಲ್ಲ’ ಎಂದದ್ದು ಯಾವ ಕಡಲೆಯ ಬಗ್ಗೆ ಎಂದು ತಿಳಿಯುವುದಿಲ್ಲ. ಅಲರ್ಜಿಯ ಮಗುವಿರುವ ಮನೆಯವರು ಪ್ರಶ್ನೆ ಕೇಳುವಾಗ ಬೀಜವನ್ನೇ ಕೈಯಲ್ಲಿ ಹಿಡಿದು ತೋರಿಸುವುದು ಒಳ್ಳೆಯದು.

ಮೊದಲು ವೈದ್ಯರ ಮಾತು

ಕುಲ ಬೇರೆ ಎಂದ ಮಾತ್ರಕ್ಕೆ ಗೋಡಂಬಿ, ಬಾದಾಮಿ ನಿರ್ಭಯ ಎಂದು ತಿಳಿಯಬಾರದು. ಕಡಲೆಕಾಯಿ ಒಗ್ಗದವರಲ್ಲಿ ಗಣನೀಯ ಸಂಖ್ಯೆಯವರಿಗೆ ಒಂದಲ್ಲ ಒಂದು ಮರಬೀಜವೂ ಒಗ್ಗುವುದಿಲ್ಲ. ಹಾಗೆಂದು ಎಲ್ಲವನ್ನೂ ಸಾರಾಸಗಟಾಗಿ ಬಿಡಬೇಕಾಗಿಯೂ ಇಲ್ಲ. ಯಾವುದು ಒಗ್ಗುತ್ತದೆ, ಯಾವುದು ಒಗ್ಗದು ಎಂಬುದನ್ನು ಒಂದೊಂದೇ ಬೀಜಕ್ಕೆ ಬೇರೆ ಬೇರೆಯಾಗಿ ತಿಳಿಯಬೇಕು. ಅಲರ್ಜಿ ತಜ್ಞರು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ, ರಕ್ತಪರೀಕ್ಷೆ ಮಾಡುತ್ತಾರೆ. ಸಂದೇಹ ಉಳಿದರೆ ಆಸ್ಪತ್ರೆಯಲ್ಲೇ, ತಮ್ಮ ಕಣ್ಣೆದುರು, ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ನೋಡುತ್ತಾರೆ. ಈ ತಿನ್ನಿಸಿ ನೋಡುವ ಕೆಲಸವನ್ನು ಮನೆಯವರು ಎಂದೂ ಮಾಡಬಾರದು.

ಜೋಡಿಗಳನ್ನು ನೆನಪಿಡಬೇಕು. ಗೋಡಂಬಿ ಒಗ್ಗದ ಮಗುವಿಗೆ ಪಿಸ್ತಾ ಕೂಡ ಒಗ್ಗದಿರುವುದೇ ಹೆಚ್ಚು. ಅಕ್ರೋಟಿಗೂ ಪೀಕನ್ ಎಂಬ ಅಮೆರಿಕದ ಬೀಜಕ್ಕೂ ಅಂಥದೇ ನಂಟು. ಗೋಡಂಬಿಯ ಅಲರ್ಜಿ ಕಡಲೆಕಾಯಿಯದಕ್ಕಿಂತ ಸೌಮ್ಯ ಎಂಬ ನಂಬಿಕೆಗೆ ಆಧಾರವಿಲ್ಲ. ಎಳ್ಳಷ್ಟು ಗೋಡಂಬಿ ತಿಂದು ಉಸಿರು ಕಟ್ಟಿದ ಮಕ್ಕಳಿದ್ದಾರೆ. ‘ನಮ್ಮ ತೋಟದ್ದು, ಏನೂ ಆಗುವುದಿಲ್ಲ’ ಎಂಬ ಅಭಿಮಾನ ಇಲ್ಲಿ ನಡೆಯದು.

ತೊಗರಿ, ಹೆಸರು, ಕಡಲೆಬೇಳೆ ಕಡಲೆಕಾಯಿಯ ಕುಲದವೇ ಆದರೂ ಕಡಲೆಕಾಯಿ ಒಗ್ಗದ ಹೆಚ್ಚಿನ ಮಕ್ಕಳು ಅವನ್ನು ಸುಖವಾಗಿ ತಿನ್ನುತ್ತಾರೆ. ಹಿಂದಿನಿಂದ ತಿಂದು ಒಗ್ಗಿರುವ ಸಾರು, ಹುಳಿಯನ್ನು ಹೆದರಿ ನಿಲ್ಲಿಸಿ ಮಗುವನ್ನು ಬಡವಾಗಿಸಬೇಕಾಗಿಲ್ಲ.

ಮನೆಯಲ್ಲಿ ಕೈಗೂಸು ಇದ್ದವರಿಗೆ ಇನ್ನೊಂದು ಮಾತು. ದೊಡ್ಡ ಮಗುವಿಗೆ ಅಲರ್ಜಿ ಎಂದು ಚಿಕ್ಕದಕ್ಕೆ ವರ್ಷಗಟ್ಟಲೆ ಕಡಲೆಕಾಯಿ ತೋರಿಸದೇ ಇರುವುದೇ ಕ್ಷೇಮ ಎಂದು ಹಿಂದೆ ಎಲ್ಲರೂ ತಿಳಿದಿದ್ದರು. 2015ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಸಂಶೋಧನೆ ಇದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳನ್ನು ಅವರು ಐದು ವರ್ಷ ತುಂಬುವವರೆಗೆ ಗಮನಿಸಿದರು. ಕಡಲೆಕಾಯಿಯಿಂದ ದೂರವಿಟ್ಟವರಲ್ಲಿ ನೂರಕ್ಕೆ 17ರಷ್ಟು ಮಕ್ಕಳಿಗೆ ಅಲರ್ಜಿ ಬಂದರೆ, ಮೊದಲ ವರ್ಷದಿಂದಲೇ ಕ್ರಮವಾಗಿ ತಿನ್ನಿಸಿದವರಲ್ಲಿ ಬಂದದ್ದು ನೂರಕ್ಕೆ 3ರಷ್ಟಕ್ಕೆ ಮಾತ್ರ. ಆದಕಾರಣ ಕೈಗೂಸಿನ ವಿಷಯವನ್ನು ಬೇಗನೆ, ಪ್ರತ್ಯೇಕವಾಗಿ, ವೈದ್ಯರಲ್ಲಿ ಕೇಳಬೇಕು. ಇಡೀ ಕಡಲೆಬೀಜವನ್ನಂತೂ ಕೂಸುಗಳ ಬಾಯಿಗೆ ಹಾಕಲೇಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಬೀಜದ ಆಯ್ಕೆ

ವೈದ್ಯರು ಗೋಡಂಬಿಗೋ ಬಾದಾಮಿಗೋ ಒಪ್ಪಿಗೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಈಗ ಕೊಳ್ಳುವ ಮಾತು.

ನಿಯಮ ಒಂದೇ: ಬೀಜದ ಮುಖ ಕಾಣುವಂತಿರಬೇಕು. ಇಡಿಯಾದ ಗೋಡಂಬಿಯನ್ನೋ ಎರಡು ಹೋಳಾದುದನ್ನೋ ಕೊಂಡರೆ ಅದು ಗೋಡಂಬಿಯೇ ಎಂಬುದಕ್ಕೆ ಅದರ ಬಾಗಿದ ಆಕಾರವೇ ಸಾಕ್ಷಿ. ಪುಡಿಗೆ ಮುಖವಿಲ್ಲ. ಮಿಠಾಯಿಯ ಮೇಲೆ ಉದುರಿಸುವ ನುಚ್ಚಿಗೂ ಮುಖವಿಲ್ಲ. ಕಡಲೆಬೀಜಕ್ಕೆ ಹಸಿರು ಬಣ್ಣ ಹಾಕಿ ಪಿಸ್ತಾ ನುಚ್ಚೆಂದು ಮಾರಿದ ಪ್ರಕರಣಗಳು ನಮ್ಮ ದೇಶದಲ್ಲೇ ಸಿಕ್ಕಿಬಿದ್ದಿವೆ. ಅಗ್ಗದ ಬೀಜ ದುಬಾರಿ ಬೀಜದ ವೇಷ ತೊಡುವುದು ವ್ಯಾಪಾರದ ಹಳೆಯ ಚಾಳಿ. ಇತರರಿಗೆ ಇದು ದುಡ್ಡಿನ ಮೋಸ. ಈ ಮಗುವಿಗೆ ಇದು ವಿಷ.

ಗಿರಾಕಿಗಳು ‘ಡಬ್ಲ್ಯು 320’ ಎಂದು ಕೇಳುವ ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜಗಳಿರುತ್ತವೆ. ಕೇಕಿಗೆ ಹಿಟ್ಟು ಮಾಡಲು ಅಂಥ ದರ್ಜೆ ಬೇಕಿಲ್ಲ. ಹೋಳು ಸಾಕು, ಬೆಲೆಯೂ ಕಡಮೆ. ಆದರೆ ಇದಕ್ಕಿಂತ ಕೆಳಗಿನ ನುಚ್ಚಿಗೆ ಇಳಿಯಬಾರದು.

ಪೊಟ್ಟಣದ ಮಾಲಿನ ಮೇಲಿರುವ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಕಡಲೆಕಾಯಿ, ಮರಬೀಜ, ಹಾಲು, ಮೊಟ್ಟೆ, ಸೋಯಾ, ಮೀನು, ಅಂಟಿರುವ ಗೋಧಿಯಂಥ ಧಾನ್ಯ ಮೊದಲಾದುವು ತಿನಿಸಿನಲ್ಲಿದ್ದರೆ ಪೊಟ್ಟಣದ ಮೇಲೆ ಬೇರೆಯಾಗಿ ತಿಳಿಸಬೇಕು. ‘ಇರಬಹುದು’ ಎಂದು ಬರೆದಿದ್ದರೆ ಅದನ್ನು ‘ಇದೆ’ ಎಂದೇ ಓದಿಕೊಳ್ಳಬೇಕು. ಬಿಡಿಯಾಗಿ ತೂಗಿ ಕೊಡುವ ಮಾಲಿಗೆ ಈ ರಕ್ಷೆಯಿಲ್ಲ.

ಗೇರುಮರವಿರುವ ಬೆಳೆಗಾರರಿಗೆ ಪಟ್ಟಣದವರಿಗಿಲ್ಲದ ಒಂದು ಅನುಕೂಲವಿದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಈ ಮರ ಇಂದು ಕರಾವಳಿಯ, ಘಟ್ಟದ ಬುಡದ ಎಷ್ಟೋ ಹಿತ್ತಲುಗಳಲ್ಲಿದೆ. 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರವು ಒಳ್ಳೆಯ ತಳಿಗಳನ್ನೂ ಕೊಟ್ಟಿದೆ. ಇಂಥ ತಳಿಯಲ್ಲಿ ಒಂದು ಕಿಲೋ ಗೇರುಬೀಜಕ್ಕೆ ಸುಮಾರು 280ರಿಂದ 300 ಗ್ರಾಂ ತಿರುಳು ಸಿಗುತ್ತದೆ. ಮನೆಯ ಮರದ ಬೀಜವನ್ನು ಮನೆಯಲ್ಲೇ ಒಡೆದರೆ ಮರದಿಂದ ಒಲೆಯವರೆಗೆ ಕಡಲೆಕಾಯಿ ಹತ್ತಿರ ಸುಳಿಯಿತೇ ಇಲ್ಲವೇ ಎಂಬುದು ಗೊತ್ತಿರುತ್ತದೆ. ಆದರೆ ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದರ ಹೊಗೆಯೂ ಕೆಟ್ಟದ್ದು. ಸುಟ್ಟು ಒಡೆಯುವ ಕೆಲಸವನ್ನು ಅಂಗಳದಲ್ಲಿ, ಬಲ್ಲವರೇ ಮಾಡಬೇಕು; ಮಕ್ಕಳು ದೂರವಿರಬೇಕು; ಸಿಪ್ಪೆಯ ಎಣ್ಣೆ ತಾಗಿದ ತಿರುಳನ್ನು ಬಿಟ್ಟುಬಿಡಬೇಕು.

ಬಾದಾಮಿ, ಅಕ್ರೋಟು ಅಂಗಡಿಯಿಂದಲೇ ಬರಬೇಕು. ಇವನ್ನು ಚಿಪ್ಪಿನ ಸಮೇತ ಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಅಕ್ರೋಟಿನಲ್ಲಿ ನೂರಕ್ಕೆ 65ರಷ್ಟು ಕೊಬ್ಬಿರುವುದರಿಂದ ನಮ್ಮ ಮಳೆಗಾಲದ ತೇವಕ್ಕೆ ಬಹಳ ಬೇಗ ಕಮಟು ಹಿಡಿಯುತ್ತದೆ. ಬಿಗಿ ಡಬ್ಬಿಯಲ್ಲಿ ತಣ್ಣಗೆ ಇಡಬೇಕು.

ಕಡಲೆಕಾಯಿ ಮನೆಯೊಳಗೆ ಬರುವ ದಾರಿಗಳು

ಪಾಕ ಸುಲಭ. ಕಷ್ಟವಿರುವುದು ಪಾಕದ ಸುತ್ತ. ಬೀಜ ಶುದ್ಧವಾಗಿದ್ದು ಮಿಕ್ಸಿ ಅಶುದ್ಧವಾಗಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಒಲೆಯ ಶಾಖಕ್ಕೆ ಕಡಲೆಕಾಯಿಯ ದೋಷ ಸತ್ತುಹೋಗುತ್ತದೆಂದು ಯಾರೂ ತಿಳಿಯಬಾರದು. ಹುರಿದಾಗ ಅದು ಇನ್ನೂ ಬಲವಾಗುತ್ತದೆ. ತೋಟದ ಮನೆಗಳಲ್ಲಿ ಅದು ನುಸುಳುವ ದಾರಿಗಳು ಇವು.

ಒಂದು, ಎಣ್ಣೆ. ಕಾರ್ಖಾನೆಯಲ್ಲಿ ಪೂರ್ಣ ಶುದ್ಧಿಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಸಸಾರಜನಕ ಉಳಿಯುವುದಿಲ್ಲವೆನ್ನುವಷ್ಟು ಕಡಮೆ. ಈಗ ಮತ್ತೆ ಬಳಕೆಗೆ ಬಂದಿರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಆರೋಗ್ಯಕ್ಕೆಂದು ತಂದ ಗಾಣದ ಎಣ್ಣೆಯೇ ಈ ಮಗುವಿಗೆ ಅನಾರೋಗ್ಯ. ಕೇಕಿನ ತಟ್ಟೆಗೆ ಬೆಣ್ಣೆಯನ್ನೋ ತುಪ್ಪವನ್ನೋ ಸವರಬೇಕು.

ಎರಡು, ಹುರಿಯುವ ಮರಳು. ಪುರಿಭಟ್ಟಿಯಲ್ಲಿ ಹುರಿಗಡಲೆ, ಪುರಿ, ಕಡಲೆಕಾಯಿ ಎಲ್ಲವನ್ನೂ ಅದೇ ಬಾಣಲೆಯ ಅದೇ ಮರಳಿನಲ್ಲಿ ಹುರಿಯುವುದುಂಟು. ಆದ್ದರಿಂದ ಹುರಿಗಡಲೆ ಒಗ್ಗುವ ಮಗುವಿಗೂ ಅಂಗಡಿಯ ಹುರಿಗಡಲೆ ಒಗ್ಗದೆ ಹೋಗಬಹುದು. ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಈ ಮಗುವಿನ ಪಾಲನ್ನು ಮನೆಯಲ್ಲೇ ಬೇರೆ ಮಾಡಿ, ಕಡಲೆಬೀಜದ ಜಾಗಕ್ಕೆ ಒಗ್ಗುವ ಬೀಜದ ಹೋಳು ಹಾಕಬೇಕು.

ಮೂರು, ಮಿಕ್ಸಿ ಮತ್ತು ಒರಳು. ಚಟ್ನಿಪುಡಿ ಅರೆದ ಮಿಕ್ಸಿಯ ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರಿನಲ್ಲಿ ಪುಡಿ ಕೂತಿರುತ್ತದೆ. ಈ ಮಗುವಿನ ತಿಂಡಿಗೆ ಒಂದು ಜಾರು, ಒಂದು ಜರಡಿ, ಒಂದು ಮರದ ಸೌಟು ಬೇರೆ ಇಡುವುದು ದೊಡ್ಡ ಖರ್ಚಲ್ಲ.

ನಾಲ್ಕು, ಹಿಂಡಿ. ಇದು ಪಟ್ಟಣದ ವೈದ್ಯರಿಗೆ ಹೊಳೆಯದ ದಾರಿ. ನಮ್ಮಲ್ಲಿ ದನಕ್ಕೆ ಕಡಲೆಕಾಯಿ ಹಿಂಡಿ, ಮೆಣಸಿನ ಬಳ್ಳಿಗೆ, ಅಡಿಕೆಗೆ ಸಗಣಿಯೊಡನೆ ಕಲಸಿ ಕೊಳೆಸಿದ ಹಿಂಡಿ. ಹಿಂಡಿಯಲ್ಲಿ ಎಣ್ಣೆ ಹೋಗಿ ಉಳಿದಿರುವುದೇ ಸಸಾರಜನಕ. ಅಲರ್ಜಿ ತರುವುದೂ ಅದೇ. ಕೊಟ್ಟಿಗೆಯಿಂದ ಬಂದವರು ಸೋಪು ಹಚ್ಚಿ ಕೈ ತೊಳೆದು, ಮೇಲಂಗಿ ಬದಲಿಸಿ ಅಡುಗೆಮನೆಗೆ ಹೋಗಬೇಕು. ಬರೀ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಆಸ್ಪತ್ರೆಗಳಲ್ಲಿಡುವ ಕೈಗೆ ಹಚ್ಚುವ ದ್ರವವೂ ಸಾಲದು. ಸೋಪು, ನೀರು ಎರಡೂ ಬೇಕು. ಖಾಲಿ ಹಿಂಡಿ ಚೀಲಗಳಲ್ಲಿ ಅಕ್ಕಿ, ತೆಂಗಿನಕಾಯಿ, ಗೇರುಬೀಜ ತುಂಬುವ ರೂಢಿ ಬಿಡಬೇಕು.

ಎರಡು ಪಾಕ

ಮೊದಲು ಹಿಟ್ಟಿನ ಮಾತು. ಬೀಜ ಒಣಗಿ ತಣ್ಣಗಿರಬೇಕು. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಬಿಸಿಯೇರಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದೆರಡು ಚಮಚ ಸಕ್ಕರೆಯೊಡನೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಜರಡಿ ಹಿಡಿಯಬೇಕು. ಬೀಜದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಅದೊಂದರಿಂದಲೇ ಕೇಕು ಮಾಡಿದರೆ ಬಿರಿಯುತ್ತದೆ. ಆದ್ದರಿಂದ ಮೈದಾದೊಡನೆ ಬೆರೆಸುತ್ತೇವೆ. ಬೀಜದ ಹಿಟ್ಟು ಬೇಗ ಕೆಂಪಗಾಗುವುದರಿಂದ ಶಾಖ ಸ್ವಲ್ಪ ತಗ್ಗಿರಬೇಕು.

ಗೋಡಂಬಿ ಬಿಸ್ಕತ್ತು: ಮೈದಾ 150 ಗ್ರಾಂ, ಗೋಡಂಬಿ ಹಿಟ್ಟು 100 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿಸಕ್ಕರೆ 80 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಮಚ, ಚಿಟಿಕೆ ಉಪ್ಪು, ತೋಟದ ಏಲಕ್ಕಿ ನಾಲ್ಕು. ಬೆಣ್ಣೆ, ಸಕ್ಕರೆಗಳನ್ನು ನೊರೆಯಾಗುವಂತೆ ತಿಕ್ಕಿ, ಉಳಿದುದನ್ನು ಸೇರಿಸಿ, ಬೇಕೆನಿಸಿದರೆ ಒಂದು ಚಮಚ ಹಾಲು ಚಿಮುಕಿಸಿ ಉಂಡೆಗೂಡಿಸಬೇಕು. ಅರ್ಧ ಗಂಟೆ ತಣ್ಣಗಿಟ್ಟು, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಮೆಲ್ಲಗೆ ಒತ್ತಿ, 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಬೇಕು. ಬಿಸಿಯಿರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ.

ಬಾದಾಮಿ ಕೇಕು: ಮೊಟ್ಟೆ 3, ಸಕ್ಕರೆ 125 ಗ್ರಾಂ, ಬೆಣ್ಣೆ 125 ಗ್ರಾಂ, ಮೈದಾ 100 ಗ್ರಾಂ, ಬಾದಾಮಿ ಹಿಟ್ಟು 100 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಮಚ, ಹಾಲು ಎರಡು ಮೂರು ದೊಡ್ಡ ಚಮಚ. ಬೆಣ್ಣೆ, ಸಕ್ಕರೆ ತಿಕ್ಕಿ, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಹಿಟ್ಟುಗಳನ್ನು ಹಗುರವಾಗಿ ಬೆರೆಸಿ, 20 ಸೆಂಟಿಮೀಟರ್ ತಟ್ಟೆಯಲ್ಲಿ 165 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಕಡ್ಡಿ ಚುಚ್ಚಿ ನೋಡಿದರೆ ಹಿಟ್ಟು ಅಂಟಬಾರದು. ಬಾದಾಮಿಯನ್ನು ನೆನೆಸಿ ಸಿಪ್ಪೆ ತೆಗೆಯುವುದಾದರೆ ಚೆನ್ನಾಗಿ ಒಣಗಿಸಿದ ಮೇಲೆಯೇ ಪುಡಿಮಾಡಬೇಕು.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳನ್ನೋ ಕಲ್ಲುಪ್ಪನ್ನೋ ಹರಡಿ, ಹತ್ತು ನಿಮಿಷ ಕಾಯಿಸಿ, ಕಾಲುಮಣೆಯ ಮೇಲೆ ತಟ್ಟೆಯಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬಹುದು. ಹಿಂದೆ ಕಡಲೆಕಾಯಿ ಹುರಿದ ಮರಳನ್ನು ಮಾತ್ರ ಇದಕ್ಕೆ ಬಳಸಕೂಡದು.

ಹೆಚ್ಚುಕಡಮೆಯಾದರೆ

ಎಷ್ಟು ಎಚ್ಚರವಿದ್ದರೂ ತಪ್ಪಿ ಒಂದು ತುಣುಕು ಹೊಟ್ಟೆ ಸೇರೀತು. ತುಟಿ, ಮುಖ ಊದುವುದು, ಮೈಮೇಲೆ ದದ್ದು ಏಳುವುದು, ವಾಂತಿ, ದನಿ ಕಟ್ಟುವುದು, ಕೆಮ್ಮು, ಉಬ್ಬಸ, ತಲೆಸುತ್ತು ಇವು ಗುರುತುಗಳು. ಉಸಿರಿಗೋ ರಕ್ತದೊತ್ತಡಕ್ಕೋ ತೊಂದರೆ ಬಂದರೆ ಮದ್ದು ಒಂದೇ: ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಮಾಂಸಖಂಡಕ್ಕೆ, ಕೂಡಲೇ. ಸೆಟ್ರಿಜಿನ್‌ನಂಥ ಗುಳಿಗೆ ದದ್ದಿನ ತುರಿಕೆ ತಗ್ಗಿಸೀತು, ಪ್ರಾಣ ಉಳಿಸದು. ಗುಳಿಗೆ ಕೊಟ್ಟು ಕಾದು ನೋಡುವುದರಲ್ಲಿ ಕಳೆವ ಹೊತ್ತು ಬಹಳ ದುಬಾರಿ.

ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಬೇಕು, ನಡೆಸಬಾರದು. 108ಕ್ಕೆ ಕರೆಮಾಡಬೇಕು. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು.

ಪಟ್ಟಣದಲ್ಲಿ ಆಸ್ಪತ್ರೆ ಹತ್ತು ನಿಮಿಷದ ದಾರಿ. ನಮ್ಮ ತೋಟಗಳಿಂದ ಜೀಪಿನಲ್ಲಿ ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಆದಕಾರಣ ಮಗು ಘಟ್ಟ ಹತ್ತುವ ಮೊದಲೇ ಮೂರು ಕೆಲಸವಾಗಿರಬೇಕು. ಮದ್ದು ಯಾವುದು, ಮಗುವಿನ ತೂಕಕ್ಕೆ ಎಷ್ಟು, ಯಾವಾಗ ಎಂದು ವೈದ್ಯರಿಂದ ಬರೆಸಿಕೊಂಡ ಚೀಟಿ. ಆ ಮದ್ದು, ಅದನ್ನು ಚುಚ್ಚಲು ಕಲಿತ ಇಬ್ಬರು ಹಿರಿಯರು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಮುಂಚಿತವಾಗಿ ಸುದ್ದಿ. ಇವು ಆಗದಿದ್ದರೆ ಕೇಕಿನ ಮಾತನ್ನು ಮುಂದಕ್ಕೆ ಹಾಕುವುದೇ ಸರಿ.

ಸಂಘದ ಪಾಲು

ಎರಡನೆಯ ಪ್ರಶ್ನೆಗೆ ಬರೋಣ. ಮಳಿಗೆಯ ಬೀಜ ಕೊಳ್ಳಬಹುದೇ? ಕಡಲೆಬೀಜ, ಹಿಂಡಿ, ಗೋಡಂಬಿ ಒಂದೇ ಸೂರಿನಡಿ ಮಾರುವ ಯಾವ ಅಂಗಡಿಯಲ್ಲೂ ಬಿಡಿ ಮಾಲನ್ನು ಈ ಮಗುವಿಗೆ ಕೊಳ್ಳಬೇಡಿ, ನಮ್ಮದೂ ಸೇರಿದಂತೆ. ಇದು ನಮ್ಮ ಸ್ಪಷ್ಟ ಉತ್ತರ.

ಆದರೆ ಉತ್ತರ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಬೆಳೆದವರು ನಾವು, ತೂಗುವವರು ನಾವು, ಮಾರುವವರೂ ನಾವು. ಮರದಿಂದ ಪೊಟ್ಟಣದವರೆಗಿನ ಸರಪಳಿ ಇಷ್ಟು ಪೂರ್ಣವಾಗಿ ಒಬ್ಬರ ಕೈಯಲ್ಲಿರುವುದು ವ್ಯಾಪಾರದಲ್ಲಿ ಅಪರೂಪ. ಆದ್ದರಿಂದ ಮುಂದಿನ ಆಡಳಿತ ಮಂಡಳಿಯ ಸಭೆಗೆ ಈ ಸಲಹೆಗಳನ್ನು ಇಡುತ್ತಿದ್ದೇವೆ. ಸದಸ್ಯರ ಗೇರು ತಿರುಳಿನಲ್ಲಿ ಒಂದಿಷ್ಟನ್ನು ಬೇರೆ ಕೋಣೆಯಲ್ಲಿ, ಬೇರೆ ತಕ್ಕಡಿಯಲ್ಲಿ ತೂಗಿ, ಇಡಿಯಾಗಿ, ಮೊಹರು ಮಾಡಿದ ಪೊಟ್ಟಣದಲ್ಲಿ ಮಾರುವುದು. ಹಿಂಡಿಯ ದಾಸ್ತಾನನ್ನು ತಿನ್ನುವ ಪದಾರ್ಥಗಳ ಕೋಣೆಯಿಂದ ಹೊರಗೆ ಸಾಗಿಸುವುದು. ಮಹಾಸಭೆಯ ಉಪಾಹಾರದಲ್ಲಿ ಕಡಲೆಬೀಜ ಹಾಕಿದ ತಿಂಡಿಯ ಮುಂದೆ ‘ಇದರಲ್ಲಿ ಕಡಲೆಕಾಯಿ ಇದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡುವುದು.

ಕಡಲೆಕಾಯಿಯ ಮೇಲೆ ನಮಗೆ ಹಗೆಯಿಲ್ಲ. ಚಳ್ಳಕೆರೆ, ಪಾವಗಡಗಳ ಒಣಭೂಮಿಯ ರೈತ ಬೆವರು ಸುರಿಸಿ ಬೆಳೆದ ಬೆಳೆ ಅದು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಊರಿಗೆ ಊರೇ ಸೇರಿ ತಿನ್ನುವ ಕಾಯಿ. ಒಂದು ಮಗುವಿಗೆ ಒಗ್ಗದೆಂದು ಎಲ್ಲರೂ ಬಿಡಬೇಕಾಗಿಲ್ಲ. ಆ ಮಗು ಬಂದಾಗ ಡಬ್ಬಿ ಬೇರೆ, ಸೌಟು ಬೇರೆ ಮಾಡಿದರೆ ಸಾಕು.

ತಮ್ಮ ಮನೆಗಳಲ್ಲಾಗಲಿ ಲೈನುಗಳ ಕೆಲಸಗಾರರ ಮನೆಗಳಲ್ಲಾಗಲಿ ಇಂಥ ಮಕ್ಕಳಿದ್ದರೆ ಸದಸ್ಯರು ದಯಮಾಡಿ ಕಚೇರಿಗೆ ತಿಳಿಸಬೇಕು. ಎಷ್ಟು ಪೊಟ್ಟಣ ಬೇಕಾದೀತೆಂಬ ಅಂದಾಜು ಗೇರಿನ ಸುಗ್ಗಿಗೆ ಮೊದಲೇ ನಮ್ಮ ಕೈಸೇರಿದರೆ ಏರ್ಪಾಟು ಮಾಡಲು ಅನುಕೂಲವಾಗುತ್ತದೆ.